ನವಿಲು ಬಣ್ಣದ ಗೋಡೆ ಬೇಕಾ? ಮೊದಲು ಚೌತಿ ಮುಗಿಯಲಿ

ನಮ್ಮ ಕಾರವಾರ, ಕುಮಟಾ ಕಡೆ ಮನೆಗೆ ಬಣ್ಣ ಹೊಡೆಸುವ ಹುಕಿ ಬರುವುದೇ ಚೌತಿ ಹತ್ತಿರ ಬಂದಾಗ. ನಮ್ಮ ಭಾವನ ಮನೆಯಲ್ಲೂ ಹಾಗೇ ಆಯ್ತು. ಹೊರಗೆ ಮಳೆ, ಒಳಗೆ ಹಾಲ್‌ನ ಗೋಡೆಗೆ ಟೀಲ್ ಬಣ್ಣ. ನವಿಲಿನ ಕುತ್ತಿಗೆಯಂಥ ಆ ನೀಲಿಹಸಿರು ಗಣಪತಿಯ ಹಿಂದೆ ಚೆಂದವೇ ಕಂಡಿತು. ದೀಪಾವಳಿ ಹೊತ್ತಿಗೆ ನೆಲದಿಂದ ಎರಡಡಿ ತನಕ ಬಿಳಿ ಉಪ್ಪು ಎದ್ದಿತ್ತು. ಮುಟ್ಟಿದರೆ ಬಣ್ಣ ಹಪ್ಪಳದ ಚೂರಿನ ಹಾಗೆ ಉದುರುತ್ತಿತ್ತು.

ಕೆನೆ ಬಣ್ಣದ ಗೋಡೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಗಾಢ ಬಣ್ಣದಲ್ಲಿ ಬಾಗಿಲಿಂದಲೇ ಕಾಣುತ್ತದೆ. ಅದಕ್ಕೇ ಈ ಕೆಲಸ ಡಿಸೆಂಬರ್ ಮೇಲೆ ಇಟ್ಟುಕೊಳ್ಳಿ.

ಶೇಡ್ ಕಾರ್ಡ್ ನೋಡಿ ಆರಿಸಬೇಡಿ. ಸಣ್ಣ ಡಬ್ಬಿ ತಂದು ಒಂದು ರಟ್ಟಿಗೆ ಹಚ್ಚಿ, ಗೋಡೆಗೆ ಒರಗಿಸಿ, ರಾತ್ರಿ ದೀಪ ಹಾಕಿ ನೋಡಿ. ಹಳದಿ ಬಲ್ಬಿನಡಿ ಟೀಲ್ ಹಸಿರಿಗೆ ತಿರುಗುತ್ತದೆ. ಮತ್ತೆ, ಒಂದೇ ಗೋಡೆ. ನಾಲ್ಕೂ ಗೋಡೆಗೆ ಹೊಡೆದರೆ ಮಳೆಗಾಲದ ಮಧ್ಯಾಹ್ನ ಬಾವಿಯೊಳಗೆ ಕೂತಂತಾಗುತ್ತದೆ. ಕೆಂಪು ಗಾರೆ ನೆಲ ಇದ್ದವರು ಪುಣ್ಯವಂತರು, ಜೋಡಿ ಚೆನ್ನಾಗಿ ಕೂಡುತ್ತದೆ.

ಈಗ ಅಸಲು ಕೆಲಸ, ಗೋಡೆ ಒಣಗಿದೆಯಾ ನೋಡುವುದು. ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ) ಗೋಡೆ ನೆಲದಿಂದ ನೀರು ಹೀರುತ್ತದೆ. ಆ ನೀರಿನ ಜೊತೆ ಉಪ್ಪೂ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿದು ಬಣ್ಣವನ್ನು ಒಳಗಿಂದ ತಳ್ಳುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲಕ್ಕೆ ಹತ್ತಿರ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ಇಡೀ ದಿನ ಬಿಡಿ. ಹಾಳೆಯ ಒಳಬದಿಗೆ ಹನಿ ಕೂತಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಬದಿಗೆ ಮಾತ್ರ ಪಸೆ ಇದ್ದರೆ ಅದು ಗಾಳಿಯದ್ದು, ಹೆದರಬೇಕಿಲ್ಲ. ಒಳಗೆ ಹನಿ ಇದ್ದರೆ ಒಡೆದ ಹಂಚು, ಸೋರುವ ಪೈಪು, ಹೊರಗೋಡೆಗೆ ತಾಗಿ ನಿಲ್ಲುವ ನೀರು, ಯಾವುದೆಂದು ಹುಡುಕಿ ಸರಿಮಾಡಿಸಿ. ಕಿಟಕಿ ತೆರೆದು, ಫ್ಯಾನ್ ಹಾಕಿ, ವಾರ ಬಿಟ್ಟು ಮತ್ತೆ ಹಾಳೆ ಅಂಟಿಸಿ. ‘ಇದೊಂದು ಕೋಟ್ ಹೊಡೆದ್ರೆ ಪಸೆ ನಿಂತೋಗುತ್ತೆ ಸಾರ್’ ಅಂತ ಅಂಗಡಿಯವರು ಕೊಡುವ ಡಬ್ಬಿಗೆ ದುಡ್ಡು ಸುರಿಯಬೇಡಿ. ಪಸೆ ಅದರ ಹಿಂದೆ ಕೂತಿರುತ್ತದೆ ಅಷ್ಟೇ.

ಎದ್ದ ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ಗುಡಿಸಿ. ನೀರು ಹಾಕಿದರೆ ಕರಗಿ ವಾಪಸ್ ಒಳಗೆ ಹೋಗುತ್ತದೆ. ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ನೀರು ಸಾಕು. ಅದಕ್ಕೆ ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಗೋಡೆ ಸವರಿದಾಗ ಅಂಗೈಗೆ ಹಳೇ ಸುಣ್ಣ ಮೆತ್ತಿಕೊಂಡರೆ ಗೋಡೆಯ ಆ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ.

ಪುಟ್ಟಿ, ಸ್ಯಾಂಡ್ ಪೇಪರ್, ಪ್ರೈಮರ್ ಎಲ್ಲ ಯಾವತ್ತಿನ ಹಾಗೇ. ಪ್ರೈಮರ್‌ಗೆ ಸ್ವಲ್ಪ ಬೂದು ಬಣ್ಣ ಕಲಸಿದರೆ ಒಳ್ಳೆಯದು. ಗಾಢ ಶೇಡಿನ ಪೇಂಟ್‌ನಲ್ಲಿ ಬಿಳಿ ಕಡಿಮೆ, ಅದಕ್ಕೇ ಕೆಳಗಿನದ್ದನ್ನು ಬೇಗ ಮುಚ್ಚುವುದಿಲ್ಲ. ಮೂರು ತೆಳು ಕೋಟ್ ಬೇಕು. ಎರಡು ದಪ್ಪ ಕೋಟ್‌ನಲ್ಲಿ ಮುಗಿಸುವ ಪೇಂಟರನ್ನು ನಾನಂತೂ ಕರೆಯುವುದಿಲ್ಲ. ಡಿಸ್ಟೆಂಪರ್ ಬೇಡವೇ ಬೇಡ, ಒರಗಿದವರ ಬಿಳಿ ಅಂಗಿಯ ಬೆನ್ನೂ ಟೀಲ್ ಆಗುತ್ತದೆ.

ರೋಲರ್ ಶುರು ಮಾಡಿದರೆ ಮೂಲೆಯಿಂದ ಮೂಲೆಗೆ, ಅಂಚು ಹಸಿ ಇರುವಾಗಲೇ ಮುಂದಿನ ಪಟ್ಟಿ ಎಳೆಯಿರಿ. ನಡುವೆ ಚಹಾಕ್ಕೆ ಎದ್ದರೆ ಅಲ್ಲೊಂದು ಗೆರೆ ಖಾಯಂ. 10 ಅಡಿ ಎತ್ತರ, 12 ಅಡಿ ಅಗಲದ ಗೋಡೆಗೆ 2 ಲೀಟರ್ ಒಂದೇ ಸಲ ಕಲಸಿಸಿ ತನ್ನಿ. ಆಮೇಲೆ ತಂದದ್ದು ಅದೇ ನಂಬರ್ ಇದ್ದರೂ ಕೂದಲೆಳೆ ಬೇರೆ ಕಾಣಬಹುದು.

ಬಣ್ಣ ಆರಿದ ಮೇಲೆ ಕಪಾಟು, ಸೋಫಾ ಯಾವುದನ್ನೂ ಗೋಡೆಗೆ ತಾಗಿಸಬೇಡಿ. ನಾಲ್ಕು ಬೆರಳು ಜಾಗ ಬಿಡಿ, ಜೂನ್‌ನಲ್ಲಿ ಅಲ್ಲಿ ಗಾಳಿ ಆಡಬೇಕು.