ಆ ಫಾರಂನಲ್ಲಿ ‘ಕನ್ನಡ’ ಅಂತಲೇ ಬರೆಯಿರಿ

ಅಮೆರಿಕಕ್ಕೆ ಬಂದು ಮಕ್ಕಳನ್ನು ಸ್ಕೂಲಿಗೆ ಸೇರಿಸುತ್ತಿರುವವರಿಗೆ ಇದು. ಲಸಿಕೆ ದಾಖಲೆ, ವಿಳಾಸದ ಪುರಾವೆ, ಜನನ ಪ್ರಮಾಣಪತ್ರ ಎಲ್ಲ ಹೇಗೋ ಆಗುತ್ತೆ, ಆಫೀಸಿನವರೇ ಹೇಳಿಕೊಡ್ತಾರೆ. ನನಗೆ ಹೇಳಬೇಕಾಗಿರೋದು ಆ ಕಾಗದಗಳ ನಡುವೆ ಸಿಕ್ಕಿಕೊಂಡಿರೋ ಒಂದೇ ಹಾಳೆಯ ಬಗ್ಗೆ: ಹೋಮ್ ಲ್ಯಾಂಗ್ವೇಜ್ ಸರ್ವೇ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಏನು ಮಾತಾಡ್ತೀರಿ, ಇಂಥ ಮೂರ್ನಾಲ್ಕು ಪ್ರಶ್ನೆ. ನಾನು ಎಲ್ಲಕ್ಕೂ ‘ಇಂಗ್ಲಿಷ್’ ಅಂತ ಬರೆದೆ. ಮಗ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ಅನ್ನೋ ಜಂಬ ಒಂದು ಕಡೆ, ಕನ್ನಡ ಅಂದರೆ ಇವನನ್ನು ದಡ್ಡರ ಸಾಲಿಗೆ ತಳ್ಳಿಬಿಡ್ತಾರೇನೋ ಅನ್ನೋ ಭಯ ಇನ್ನೊಂದು ಕಡೆ.

ಅಲ್ಲಿ ಬೇರೆ ಭಾಷೆ ಕಂಡರೆ ತಾನೇ ಅವರು ಮಗುವಿಗೆ ಪರೀಕ್ಷೆ ಕೊಟ್ಟು, ಇಎಸ್‌ಎಲ್ ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ತರಗತಿ ಬೇಕೋ ಬೇಡವೋ ನೋಡೋದು? ಸಹಾಯ ಸಿಗದ ಹಾಗೆ ನಾನೇ ಮಾಡಿದ್ದೆ. ಆ ಸಹಾಯಕ್ಕೆ ದುಡ್ಡು ಕೊಡಬೇಕಿಲ್ಲ, ಅದು ಯಾರ ಕೃಪೆಯೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪರವಾಗಿ ಹೂಡಿದ್ದ ಲೌ ವರ್ಸಸ್ ನಿಕೋಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ: ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟುಬಿಟ್ಟರೆ ಸಮಾನತೆ ಆಗಲ್ಲ, ಇಂಗ್ಲಿಷ್ ಅರ್ಥವಾಗದ ಮಗುವಿಗೆ ಅದರಿಂದ ಏನೂ ಸಿಗಲ್ಲ. ಬೇಡ ಅಂತ ಬರೆದುಕೊಟ್ಟು ಆ ತರಗತಿಯಿಂದ ಮಗುವನ್ನು ಹೊರಗಿಡಬಹುದು, ಆದರೆ ಪಾಸಾಗೋವರೆಗೆ ವರ್ಷಕ್ಕೊಮ್ಮೆ ಇಂಗ್ಲಿಷ್ ಪರೀಕ್ಷೆ ತಪ್ಪಲ್ಲ. ಟೀಚರ್ ಜೊತೆ ಮಾತಾಡೋಕೆ ದುಭಾಷಿ ಬೇಕು ಅಂತಲೂ ಕೇಳಬಹುದು. ಮಗನನ್ನೇ ದುಭಾಷಿ ಮಾಡಿಕೊಳ್ಳಬೇಡಿ. ಅವನ ಮೇಲಿನ ದೂರನ್ನು ಅವನೇ ಅನುವಾದಿಸಿದರೆ ಅದು ಹೊಗಳಿಕೆಯಾಗಿ ಬರುತ್ತೆ, ಅನುಭವದ ಮಾತು.

ದೂರು ಏನಿತ್ತು ಅಂದರೆ, ಹುಡುಗ ಒರಟ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಅವನು ಹೋಂವರ್ಕ್ ಮಾಡೋವಾಗ ಪಕ್ಕದಲ್ಲಿ ಕೂತಿದ್ದೆ. ‘ಗಿವ್ ಮಿ ಪೆನ್ಸಿಲ್’ ಅಂದ. ಆಗ ಹೊಳೆಯಿತು. ನಮ್ಮ ವಿನಯ ಎಲ್ಲ ‘ಕೊಡಿ’ ಅನ್ನೋದರ ಕೊನೆಯ ಇಕಾರದಲ್ಲಿದೆ. ಅವನು ಮನಸ್ಸಿನಲ್ಲಿ ‘ಪೆನ್ಸಿಲ್ ಕೊಡಿ’ ಅಂತಲೇ ಅಂದುಕೊಂಡಿದ್ದಾನೆ, ಇಂಗ್ಲಿಷಿಗೆ ಬರುವಾಗ ಇಕಾರ ಉದುರಿಹೋಗಿದೆ. ‘ಟೀಚರ್ ಹೇಳಿದರು’ ಅನ್ನೋದನ್ನು ‘ದೇ ಟೋಲ್ಡ್’ ಅನ್ನುತ್ತಿದ್ದ. ಗೌರವಕ್ಕೆ ಬಹುವಚನ ಹಾಕಿದರೆ, ಕೇಳಿದವರು ‘ಯಾರ್ಯಾರು ಹೇಳಿದ್ದು?’ ಅಂತ ಹುಡುಕೋರು. ‘ನಾಳೆ ಬರ್ತೀನಿ’, ‘ದಿನಾ ಬರ್ತೀನಿ’ ಎರಡಕ್ಕೂ ನಮ್ಮಲ್ಲಿ ಒಂದೇ ರೂಪ, ಹಾಗಾಗಿ ‘ವಿಲ್’ ಬಾಯಿಗೇ ಬರಲ್ಲ. ಇದನ್ನೆಲ್ಲ ಟೀಚರಿಗೆ ಬಿಡಿಸಿ ಹೇಳಿ. ನಾನು ಹೇಳಿದ ಮೇಲೆ ಆಕೆ ನಕ್ಕು, ಬರೆದುಕೊಂಡರು.

ಮೊದಲ ಕೆಲವು ತಿಂಗಳು ಮಗು ಕ್ಲಾಸಿನಲ್ಲಿ ಬಾಯೇ ಬಿಡದಿದ್ದರೆ ಗಾಬರಿ ಬೇಡ, ಕೇಳಿಸಿಕೊಂಡು ಕಲಿಯುತ್ತಿರುತ್ತೆ. ಆಮೇಲೆ ಪಟಪಟ ಮಾತು ಶುರುವಾದಾಗ ಬೀಗುವುದೂ ಬೇಡ. ಆಟದ ಮೈದಾನದ ಇಂಗ್ಲಿಷ್ ಒಂದೆರಡು ವರ್ಷಕ್ಕೆ ಬರುತ್ತೆ, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷವಾದರೂ ಬೇಕು ಅಂತ ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದ್ದಾರೆ. ಮಗನ ಮಾತು ಕೇಳಿ ‘ಮುಗೀತು’ ಅಂದುಕೊಂಡ ವರ್ಷವೇ ಅವನು ವಿಜ್ಞಾನದಲ್ಲಿ ಮುಗ್ಗರಿಸಿದ.

ನನ್ನ ದೊಡ್ಡ ತಪ್ಪು ಮಾತ್ರ ಮನೆಯಲ್ಲೇ ಆಯಿತು. ಬೇಗ ಕಲೀಲಿ ಅಂತ ಅವನ ಜೊತೆ ಕನ್ನಡ ನಿಲ್ಲಿಸಿದೆವು. ನಮ್ಮ ಇಂಗ್ಲಿಷೋ, ಆಫೀಸಿಗೆ ಸಾಕು, ಮಗುವನ್ನು ಮುದ್ದು ಮಾಡೋಕೆ ಸಾಲದು. ‘ಹೋಂವರ್ಕ್ ಡನ್?’, ‘ಬ್ರಷ್ ಡನ್?’ ಇಷ್ಟರಲ್ಲೇ ದಿನ ಮುಗಿಯೋದು. ಬೇಸತ್ತು ಒಂದು ರಾತ್ರಿ, ನೀರು ಆವಿಯಾಗಿ ಮೋಡವಾಗೋದನ್ನು ಕನ್ನಡದಲ್ಲೇ ಹೇಳಿದೆ. ಮಾರನೇ ದಿನ ಅದನ್ನೇ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಬಂದ. ವಿಷಯ ತಲೆಗೆ ಹೋಗಿದ್ದರೆ ಪದ ಬದಲಾಯಿಸೋದು ಎಷ್ಟು ಹೊತ್ತು? ಆದರೆ ಇದು ಹೊಳೆಯೋ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಈಗ ಅವನ ಇಂಗ್ಲಿಷಿನಲ್ಲಿ ‘ಪ್ಲೀಸ್’ ಎಲ್ಲೂ ತಪ್ಪಲ್ಲ. ಮೊನ್ನೆ ಫೋನಿನಲ್ಲಿ, ಯಾವಾಗಲೂ ‘ನೀವು’ ಅನ್ನುತ್ತಿದ್ದ ತಾತನಿಗೆ ‘ತಾತ, ಪ್ಲೀಸ್, ಜೋರಾಗಿ ಮಾತಾಡು’ ಅಂದ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನನ್ನ ಮಾವ ಜೋರಾಗಿಯೇ ಮಾತಾಡಿದರು.