ನಿಂತಲ್ಲೇ ಸವೆಯುವ ಗಾಡಿ: ದೋಣಿ ಟ್ರೇಲರಿನ ಟೈರು, ಬ್ರೇಕು ಕಾಪಾಡಿಕೊಳ್ಳುವುದು ಹೇಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸರೋವರಗಳಿಗೆ ಬರವಿಲ್ಲ. ಕಾರಿನ ನಂಬರ್ ಪ್ಲೇಟಿನ ಮೇಲೇ ‘10,000 ಸರೋವರಗಳು’ ಎಂದು ಬರೆದಿರುತ್ತದೆ. ಮೇ ತಿಂಗಳ ನಡುವೆ ವಾಲೈ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ಆರೇಳು ತಿಂಗಳು ಹಿತ್ತಲಲ್ಲಿ ನಿಂತಿದ್ದ ದೋಣಿಗಳೆಲ್ಲ ಟ್ರೇಲರ್ ಹತ್ತಿ ಒಟ್ಟಿಗೆ ರಸ್ತೆಗಿಳಿಯುವುದು ಆಗಲೇ. ಹೆದ್ದಾರಿ ಬದಿಯಲ್ಲಿ ಚಕ್ರ ಬಿಚ್ಚಿಕೊಂಡು ನಿಂತವರು ಕಾಣಿಸುವುದೂ ಆಗಲೇ.

ಕೆಲವು ವರ್ಷದ ಹಿಂದೆ ನಾನೂ ಹಾಗೆ ನಿಂತಿದ್ದೆ. ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೋಗುವ 169ನೇ ಹೆದ್ದಾರಿ. ಕಾರಿನಲ್ಲಿ ಹೆಂಡತಿ, ಮಗಳು. ಹಿಂದೆ ಸೆಕೆಂಡ್ ಹ್ಯಾಂಡ್ ದೋಣಿ. ಬಲಗಡೆ ಟೈರು ಢಮ್ ಅಂತ ಸಿಡಿಯಿತು. ರಬ್ಬರು ಚಿಂದಿಯಾಗಿ ಮಡ್‌ಗಾರ್ಡನ್ನೂ ಕಿತ್ತುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನನಗೆ ಅರ್ಥವಾಗದ ಸಂಗತಿ ಎಂದರೆ, ಆ ಟೈರು ನೋಡಲು ಹೊಸದರಂತೆಯೇ ಇತ್ತು. ನೆಲಕ್ಕೆ ತಾಗುವ ಮೈಮೇಲಿನ ಗೀರುಗಳು ಆಳವಾಗಿದ್ದವು, ಸವೆದೇ ಇರಲಿಲ್ಲ. ಆಮೇಲೆ ಪಕ್ಕದ ಗೋಡೆಯ ಮೇಲಿನ ಅಂಕಿ ಓದಿದರೆ ಅದಕ್ಕೆ ಹನ್ನೊಂದು ವರ್ಷ!

ಕಾರು ಓಡಿ ಸವೆಯುತ್ತದೆ. ದೋಣಿ ಟ್ರೇಲರು ನಿಂತು ಸವೆಯುತ್ತದೆ, ನೀರಿಗಿಳಿದು ಸವೆಯುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಹೊರಡುವ ಗಾಡಿಗೆ ಮೈಲಿ ಲೆಕ್ಕ ಇಟ್ಟು ಪ್ರಯೋಜನವಿಲ್ಲ. ಕ್ಯಾಲೆಂಡರ್ ನೋಡಿಯೇ ಕೆಲಸ ಮಾಡಬೇಕು. ಅದನ್ನೂ ವಸಂತಕ್ಕೆ ಬಿಡಬೇಡಿ, ಅಕ್ಟೋಬರಿನಲ್ಲೇ ಮುಗಿಸಿ. ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೆ ನೀರು ಸೇರಿದ್ದರೆ ಅದು ಚಳಿಗಾಲವಿಡೀ ಅಲ್ಲೇ ಕೂತು ಬೇರಿಂಗನ್ನು ತಿನ್ನುತ್ತದೆ. ಮೇ ತಿಂಗಳಲ್ಲಿ ಬಿಚ್ಚಿ ನೋಡಿದರೆ ಹಾಳಾಗುವುದೆಲ್ಲ ಆಗಿಹೋಗಿರುತ್ತದೆ.

ಟೈರಿನ ವಯಸ್ಸು ಓದಿ

ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಮೂರು ಇಂಗ್ಲಿಷ್ ಅಕ್ಷರ ಹುಡುಕಿ. ಆ ಸಾಲಿನ ಕೊನೆಯ ನಾಲ್ಕು ಅಂಕಿಯೇ ಹುಟ್ಟಿದ ದಿನ. 2319 ಎಂದಿದ್ದರೆ 2019ರ 23ನೇ ವಾರ. ಪೂರ್ತಿ ಸಾಲು ಎಷ್ಟೋ ಸಲ ಒಂದೇ ಬದಿಯಲ್ಲಿರುತ್ತದೆ. ಹೊರಗೆ ಕಾಣಿಸದಿದ್ದರೆ ಟಾರ್ಚ್ ಹಿಡಿದು ಒಳಬದಿ ನೋಡಿ.

ಐದಾರು ವರ್ಷ ಆಗಿದ್ದರೆ ಬದಲಾಯಿಸಿ. ಗೀರು ಎಷ್ಟೇ ಆಳ ಇರಲಿ, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕಾರಣ ಇದೆ. ರಬ್ಬರನ್ನು ಓಜೋನ್‌ನಿಂದ ಕಾಪಾಡಲೆಂದು ಕಂಪನಿಯವರು ಅದರೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಾಗಿ ಬಳುಕಿದರೆ ಆ ಮೇಣ ಮೇಲೆ ಬಂದು ತೆಳುವಾಗಿ ಪದರ ಕಟ್ಟುತ್ತದೆ. ನಿಂತ ಟೈರಿನಲ್ಲಿ ಅದು ಸರಿಯಾಗಿ ಮೇಲೆ ಬರುವುದೇ ಇಲ್ಲ. ಬಿಸಿಲು, ಗಾಳಿ ಸೇರಿ ರಬ್ಬರನ್ನು ಒಣಗಿಸುತ್ತವೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಅದು ಎಚ್ಚರಿಕೆ. ಬಿರುಕಿಲ್ಲ ಅಂದಮಾತ್ರಕ್ಕೆ ಒಳಗೆ ಗಟ್ಟಿಯಾಗಿದೆ ಎಂದೂ ಅಲ್ಲ.

ಹೊಸ ಟೈರು ಕೊಳ್ಳುವಾಗ ಅಳತೆಯ ಮುಂದೆ ‘ಎಸ್‌ಟಿ’ ಎಂದು ಇರುವುದನ್ನೇ ಕೇಳಿ. ಅದು ಟ್ರೇಲರಿಗೆಂದೇ ಮಾಡಿದ್ದು, ಪಕ್ಕದ ಗೋಡೆ ಗಟ್ಟಿ. ಬೇರೆ ವೇಗದ ಗುರುತು ಇಲ್ಲದಿದ್ದರೆ ಅದು ಗಂಟೆಗೆ 65 ಮೈಲಿಗೆ ಲೆಕ್ಕ ಹಾಕಿದ ಟೈರು ಎಂದೇ ತಿಳಿಯಿರಿ. ಅಂಗಡಿಯಲ್ಲೇ ನಾಲ್ಕಂಕಿ ಓದಿ. ಎರಡು ವರ್ಷ ಕಪಾಟಿನಲ್ಲಿ ಕೂತ ಟೈರು ನಿಮಗೆ ಬೇಡ.

ಗಾಳಿಯ ವಿಷಯದಲ್ಲಿ ಕಾರಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರಿಗೆ 35 ಪಿಎಸ್‌ಐ ಹಾಕಿಸಿ ರೂಢಿ ಇರುವವರು ಟ್ರೇಲರಿಗೂ ಅಷ್ಟೇ ಹಾಕಿಬಿಡುತ್ತಾರೆ. ಟ್ರೇಲರ್ ಟೈರಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟು ತುಂಬಿಸಬೇಕು. ಭಾರ ಹೊರುವ ಲೆಕ್ಕದಲ್ಲಿ ಸಿ ದರ್ಜೆಯದಾದರೆ ಸಾಮಾನ್ಯವಾಗಿ 50, ಡಿ ದರ್ಜೆಯದಾದರೆ 65. ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಿರಿ. ಗಾಳಿ ಕಡಿಮೆ ಇದ್ದರೆ ಗೋಡೆ ಜಾಸ್ತಿ ಬಾಗುತ್ತದೆ, ಕಾಯುತ್ತದೆ, ಪದರ ಬಿಡುತ್ತದೆ. ಚಳಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆಲ್ಲ ಗಾಳಿ ಒಂದು ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಶರತ್ಕಾಲದಲ್ಲಿ ತುಂಬಿಸಿದ್ದನ್ನು ನಂಬಿಕೊಂಡು ಮೇ ತಿಂಗಳಲ್ಲಿ ಹೊರಡಬೇಡಿ.

ಸ್ಟೆಪ್ನಿಯನ್ನು ಮರೆಯುವವರೇ ಜಾಸ್ತಿ. ಅದಕ್ಕೂ ವಯಸ್ಸಾಗುತ್ತದೆ, ಅಲ್ವಾ?

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಕಬ್ಬಿನ ಸುಗ್ಗಿ ಮುಗಿದ ಮೇಲೆ ಮರದ ಕೆಳಗೆ ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರ್ ಟ್ರೇಲರಿಗೂ ಈ ಮಾತು ಹೊಂದುತ್ತದೆ. ನಮ್ಮ ದೇಶದ ಟೈರಿನ ಮೇಲೂ ವಾರ, ವರ್ಷದ ನಾಲ್ಕಂಕಿ ಇರುತ್ತದೆ. ಒಮ್ಮೆ ಹೋಗಿ ಓದಿ ನೋಡಿ.

ಹಬ್ಬು, ಅಂದರೆ ಕೀಲೆಣ್ಣೆಯ ಕೆಲಸ

ನಮ್ಮೂರಲ್ಲಿ ಅಪ್ಪ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ಅದು ಗಾಡಿ ಕೆಳಗೆ ನೇತಾಡುತ್ತಿತ್ತು. ಕಡಾಣಿ ಕಿತ್ತು, ಚಕ್ರ ಹೊರಕ್ಕೆ ಜರುಗಿಸಿ, ಅಚ್ಚಿಗೆ ಬಳಿದು, ಮತ್ತೆ ಕಡಾಣಿ ಹೊಡೆಯುವುದು. ಟ್ರೇಲರಿನ ಹಬ್ಬು ಬಿಚ್ಚಿದಾಗಲೆಲ್ಲ ನನಗೆ ಅಪ್ಪನ ಎಣ್ಣೆಗೈ ನೆನಪಾಗುತ್ತದೆ. ಕೆಲಸ ಹೆಚ್ಚುಕಮ್ಮಿ ಅದೇ. ಕಡಾಣಿಯ ಜಾಗದಲ್ಲಿ ಕಾಟರ್ ಪಿನ್ ಇದೆ, ಅಷ್ಟೇ.

ಬಿಸಿಯಾದ ಹಬ್ಬನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಸರೋವರ ತಲುಪಿದ ಕೂಡಲೇ ದೋಣಿ ಇಳಿಸಬೇಡಿ. ಹದಿನೈದು ನಿಮಿಷ ಕಾಯಿರಿ. ಫ್ಲಾಸ್ಕಿನ ಕಾಫಿ ಮುಗಿಯುವಷ್ಟರಲ್ಲಿ ಹಬ್ಬು ತಣ್ಣಗಾಗಿರುತ್ತದೆ.

ವರ್ಷಕ್ಕೊಮ್ಮೆ ಬೇರಿಂಗು ಹೊರತೆಗೆದು, ಹಳೆ ಗ್ರೀಸು ಪೂರ್ತಿ ತೊಳೆದು, ಒಣಗಿಸಿ. ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಉರುಳೆಗಳ ಮೇಲೆ ಚುಕ್ಕಿ, ನೀಲಿ ಬಣ್ಣ, ಗೀರು ಕಂಡರೆ ಬೇರಿಂಗನ್ನೇ ಬದಲಾಯಿಸಿ. ಅಂಗೈಯಲ್ಲಿ ಮೆರೈನ್ ಗ್ರೀಸು ಇಟ್ಟುಕೊಂಡು, ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಗ್ರೀಸು ಉಕ್ಕಿ ಬರುವವರೆಗೆ ಒತ್ತಬೇಕು. ಹಿಂದಿನ ಸೀಲು, ಕಾಟರ್ ಪಿನ್ ಎರಡೂ ಹೊಸದೇ ಇರಲಿ. ಚಕ್ರ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಬರೀ ಬೆರಳಲ್ಲಿ ಬಿಗಿಯಾಗುವಷ್ಟಕ್ಕೆ ತಂದು ಪಿನ್ ಹಾಕಿ.

ಹೊರಗಿನಿಂದಲೇ ಗ್ರೀಸು ಗನ್ನಿನಲ್ಲಿ ತುಂಬುವ ಮುಚ್ಚಳ ಇದ್ದರೆ ಕೈ ಬಿಗಿಹಿಡಿಯಿರಿ. ಜಾಸ್ತಿ ತುಂಬಿದರೆ ಹಿಂದಿನ ಸೀಲು ಹೊರಗೆ ಬಂದು ಗ್ರೀಸೆಲ್ಲ ಬ್ರೇಕಿನ ಮೇಲೆ ಸುರಿಯುತ್ತದೆ. ಗ್ರೀಸು ಕುಡಿದ ಬ್ರೇಕ್ ಶೂ ಮತ್ತೆ ಸರಿಹೋಗುವುದಿಲ್ಲ.

ಬ್ರೇಕಿಗೆ ಹೆಚ್ಚು ಸಮಯ ಕೊಡಿ

ಮಿನ್ನೆಸೋಟದಲ್ಲಿ ಒಟ್ಟು ತೂಕ 3,000 ಪೌಂಡ್ ಮುಟ್ಟಿದ ಟ್ರೇಲರಿಗೆ ಬ್ರೇಕ್ ಇರಬೇಕು. ಅಂದರೆ ಸುಮಾರು 1,360 ಕೆ.ಜಿ. ದೋಣಿ ಟ್ರೇಲರುಗಳಲ್ಲಿ ಹೆಚ್ಚಾಗಿ ಕಾಣುವುದು ಸರ್ಜ್ ಬ್ರೇಕು. ನೀವು ಕಾರು ನಿಧಾನಿಸಿದಾಗ ಹಿಂದಿನ ಟ್ರೇಲರು ಮುಂದಕ್ಕೆ ನುಗ್ಗುತ್ತದಲ್ಲ, ಆ ನೂಕುವಿಕೆಯೇ ಕಾರಿಗೆ ಕೊಂಡಿ ಹಾಕುವ ಮೂಕಿಯಲ್ಲಿರುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಚಕ್ರಕ್ಕೆ ಓಡುತ್ತದೆ. ಕರೆಂಟಿನ ಹಂಗಿಲ್ಲ, ನೀರಲ್ಲಿ ಮುಳುಗಿದರೂ ಕೆಲಸ ಮಾಡುತ್ತದೆ.

ಶುರುವಿಗೆ ಮೂಕಿಯ ಮುಚ್ಚಳ ತೆಗೆದು ಆಯಿಲ್ ನೋಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮಂಥ ನಿಂತ ಗಾಡಿಗೆ ಕುದಿಯುವುದಕ್ಕಿಂತ ತುಕ್ಕೇ ದೊಡ್ಡ ಶತ್ರು. ಆ ತೇವ ಚಕ್ರದ ಸಿಲಿಂಡರಿನೊಳಗೆ ಕೂತು ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಆಯಿಲ್ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ. ತಿರುಗದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಾಟ್ 5 ಬೇರೆ ಜಾತಿ, ಸಿಲಿಕೋನ್. ಅದನ್ನು ಬೆರೆಸಬೇಡಿ. ದೋಣಿಯ ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತುಹೋಗುತ್ತದೆ.

ಬದಲಾಯಿಸುವಾಗ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ. ಚಕ್ರದ ಹಿಂದಿನ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಮುಂದೆ ಒಬ್ಬರು ಸಿಲಿಂಡರನ್ನು ಒತ್ತಿ ಹಿಡಿಯಬೇಕು. ಕೆಲವು ಕಪ್ಲರುಗಳಲ್ಲಿ, ಅಂದರೆ ಮೂಕಿಯ ತುದಿಯ ಕೊಂಡಿಯಲ್ಲಿ, ಸ್ಕ್ರೂಡ್ರೈವರ್ ತೂರಿಸಿ ಮೀಟಲು ತೂತೇ ಇರುತ್ತದೆ. ಅವರು ಒತ್ತಿದಾಗ ನೀವು ನಿಪ್ಪಲ್ ತೆರೆಯಿರಿ. ಅವರು ಕೈ ಬಿಡುವ ಮೊದಲು ಮುಚ್ಚಿ. ನಮ್ಮನೆಯಲ್ಲಿ ಮಗಳು ಮುಂದೆ ಕೂತು ಒತ್ತುತ್ತಾಳೆ, ನಾನು ಹಿಂದೆ ಕೂತು ‘ಬಿಡು’, ‘ಒತ್ತು’ ಎನ್ನುತ್ತೇನೆ. ಗುಳ್ಳೆ ನಿಂತು ಶುಭ್ರವಾದ ಆಯಿಲ್ ಬರುವವರೆಗೆ ಮುಂದುವರಿಸಿ. ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಿಟ್ಟರೆ ಗಾಳಿ ಒಳಹೊಕ್ಕು ಮೊದಲಿಂದ ಶುರು ಮಾಡಬೇಕಾಗುತ್ತದೆ.

ಡ್ರಮ್ ಬ್ರೇಕಾದರೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಂಡಿರಬಹುದು. ಕಾರಿನಿಂದ ಜಗ್ಗಿ ಬಿಡಿಸಲು ಹೋಗಬೇಡಿ, ಶೂವಿನ ಮೇಲಿನ ಲೈನಿಂಗ್ ಕಿತ್ತು ಬರುತ್ತದೆ. ಹಿಂದಿನ ಕಿಂಡಿಯಿಂದ ಶೂಗಳನ್ನು ಹೊಂದಿಸುವ ಹಲ್ಲುಚಕ್ರ ಸಡಿಲಿಸಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗಿನ ಧೂಳನ್ನು ಗಾಳಿ ಊದಿ ಹಾರಿಸಬೇಡಿ. ಹಳೆ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್ ಹೊಡೆದು ಹಸಿ ಮಾಡಿ ಒರೆಸಿ. ಹೊಂದಿಸುವಾಗ ಚಕ್ರವನ್ನು ಮುಂದಕ್ಕೆ ಓಡುವ ದಿಕ್ಕಿಗೇ ತಿರುಗಿಸಿ. ಪೂರ್ತಿ ಬಿಗಿಯಾಗುವವರೆಗೆ ಹಲ್ಲುಚಕ್ರ ತಿರುವಿ, ಆಮೇಲೆ ಸುಮಾರು ಹತ್ತು ಹಲ್ಲು ಹಿಂದಕ್ಕೆ ಬಿಡಿ. ಚಕ್ರ ಸ್ವಲ್ಪವೇ ಸವರಿಕೊಂಡು ತಿರುಗಿದರೆ ಸರಿ.

ಡಿಸ್ಕ್ ಬ್ರೇಕಾದರೆ ಪ್ಯಾಡಿನ ದಪ್ಪ ನೋಡಿ, ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸು ಕೊಡಿ. ಜೊತೆಗೆ ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ವೈರಿನ ಐದನೇ ಪಿನ್ ಪರೀಕ್ಷಿಸಿ. ರಿವರ್ಸ್ ಹೋಗುವಾಗ ಬ್ರೇಕ್ ಹಿಡಿಯದಂತೆ ತಡೆಯುವುದು ಅದೇ. ಕಾರಿಗೆ ನಾಲ್ಕು ಪಿನ್ನಿನ ಸಾಕೆಟ್ ಮಾತ್ರ ಇದ್ದರೆ ಇಳಿಜಾರಿನಲ್ಲಿ ಹಿಂದಕ್ಕೆ ಹೋಗುವಾಗ ಟ್ರೇಲರು ಮೊಂಡು ಹಿಡಿದು ನಿಲ್ಲುತ್ತದೆ.

ರಬ್ಬರ್ ಪೈಪುಗಳನ್ನು ಬಾಗಿಸಿ ಬಿರುಕು ನೋಡಿ. ಕಬ್ಬಿಣದ ಪೈಪಿನ ತುಕ್ಕು ಕೆರೆದು ನೋಡಿ. ಉಪ್ಪು ನೀರಿಗೆ ಇಳಿಸಿದ್ದರೆ ಅವತ್ತೇ, ಮನೆಗೆ ಹೊರಡುವ ಮೊದಲೇ, ಡ್ರಮ್ಮಿನೊಳಗೆ ಸಿಹಿನೀರು ಹಾಯಿಸಿ.

ನಿಲ್ಲಿಸುವಾಗ, ಹೊರಡುವಾಗ

ಚಳಿಗಾಲಕ್ಕೆ ಅಚ್ಚಿನ ಕೆಳಗೆ ಗಟ್ಟಿ ಜಾಕ್ ಸ್ಟ್ಯಾಂಡ್ ಕೊಟ್ಟು ಚಕ್ರದ ಭಾರ ಇಳಿಸಿ. ಟೊಳ್ಳು ಕಾಂಕ್ರೀಟ್ ಇಟ್ಟಿಗೆ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ. ಎತ್ತಲಾಗದಿದ್ದರೆ ಟೈರಿನ ಕೆಳಗೆ ಹಲಗೆ ಇಡಿ, ಗಾಳಿ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಗಾಡಿಯನ್ನು ಒಂದಡಿ ಜರುಗಿಸಿ. ಬಿಸಿಲು ಬೀಳದಂತೆ ಟೈರಿಗೆ ಹೊದಿಕೆ ಹಾಕಿ. ಕೊಂಡಿ ಕಳಚಿದರೆ ಬ್ರೇಕ್ ಬೀಳಿಸುವ ಸಣ್ಣ ಸರಪಳಿ ಇರುತ್ತದಲ್ಲ, ಅದು ಎಳೆದ ಸ್ಥಿತಿಯಲ್ಲಿ ಉಳಿಯದಿರಲಿ. ಉಳಿದರೆ ಶೂ ಡ್ರಮ್ಮನ್ನು ಹಿಡಿದೇ ಚಳಿಗಾಲ ಕಳೆಯುತ್ತದೆ.

ಮೇ ತಿಂಗಳಲ್ಲಿ ಹೊರಡುವ ಹಿಂದಿನ ವಾರ ಒಂದು ಚಕ್ರ ಎತ್ತಿ, ತಿರುಗಿಸಿ, ಯಾರಾದರೂ ಮುಂದೆ ಸಿಲಿಂಡರ್ ಒತ್ತಲಿ. ಚಕ್ರ ತಟ್ಟನೆ ನಿಲ್ಲಬೇಕು. ಪ್ರತಿ ಚಕ್ರಕ್ಕೂ ಹೀಗೆ ಮಾಡಿ. ಚಕ್ರ ಹಿಡಿಯುವ ಸ್ಟಡ್ ಅರ್ಧ ಇಂಚಿನದಾದರೆ ನಟ್ಟುಗಳನ್ನು ಸಾಮಾನ್ಯವಾಗಿ 90ರಿಂದ 120 ಅಡಿ-ಪೌಂಡಿಗೆ ಬಿಗಿ ಮಾಡುತ್ತಾರೆ. ನಿಮ್ಮ ಟ್ರೇಲರಿನ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಕಾರಿನ ಪಾನಾ ಟ್ರೇಲರಿನ ನಟ್ಟಿಗೆ ಎಷ್ಟೋ ಸಲ ಕೂರುವುದಿಲ್ಲ. ಕಾರಿನ ಜಾಕು ಟ್ರೇಲರಿನ ಅಚ್ಚಿಗೆ ಹೊಂದದೇ ಇರಬಹುದು. ಮನೆ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ. ಹೆದ್ದಾರಿ ಬದಿಯಲ್ಲಿ ಲಾರಿಗಳು ಹಾರಿ ಹೋಗುವಾಗ ಅದನ್ನು ಕಲಿಯುವುದು ಬೇಡ.

ಹೊರಟು ಹತ್ತು ಮೈಲಿಗೆ ಮೊದಲ ನಿಲುಗಡೆ. ಹಬ್ಬಿನ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬೇರಿಂಗು ಬಿಗಿಯಾಗಿದೆ, ಇಲ್ಲವೇ ಬ್ರೇಕು ಎಳೆಯುತ್ತಿದೆ. ಮುಂದೆ ಹೋಗಬೇಡಿ. ಐವತ್ತು ಮೈಲಿಗೆ ಎರಡನೇ ನಿಲುಗಡೆ, ನಟ್ಟುಗಳಿಗೆ ಮತ್ತೊಮ್ಮೆ ಪಾನಾ. ಈಗ ನಾನು ಟೈರಿನ ನಾಲ್ಕಂಕಿ, ಗ್ರೀಸು ಹಾಕಿದ ತಿಂಗಳು, ಆಯಿಲ್ ಬದಲಾಯಿಸಿದ ವರ್ಷ ಮೂರನ್ನೂ ಮೂಕಿಯ ಒಳಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಕೊಂಡಿ ಹಾಕಲು ಬಗ್ಗಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.