ಏರ್‌ಬ್ರಷ್ ಕಟ್ಟಿಕೊಂಡರೆ ಮೊದಲು ನೋಡಿ, ಆಮೇಲೆ ಬಿಚ್ಚಿ

ಗಣಪತಿಯ ಕೆನ್ನೆಯ ಕೆಂಪು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದು ಕಣ್ಣಿಗೆ ಕಾಣಬಾರದು. ಕುಂಚದಿಂದ ಅದು ನನಗೆ ಒಲಿಯಲಿಲ್ಲ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಒಲಿಯಿತು. ಆಷಾಢ ಕಳೆದು ಮಣ್ಣಿನ ಮೂರ್ತಿಗಳು ಒಣಗಿ ಬಣ್ಣಕ್ಕೆ ಸಿದ್ಧವಾದ ಮೇಲೆ ಚೌತಿಯವರೆಗೂ ಅದು ನನ್ನ ಕೈ ಬಿಡುವುದಿಲ್ಲ. ಅಷ್ಟು ದಿನಗಳಲ್ಲಿ ಅದು ಕಟ್ಟಿಕೊಳ್ಳದೆ ಇರುವುದಿಲ್ಲ. ಹಾಗೆ ಕಟ್ಟಿಕೊಂಡಾಗ ಕೂಡಲೇ ಪಾನೆ ಹಿಡಿದು ಬಿಚ್ಚಲು ಕೂರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎಲ್ಲಿ ತೊಂದರೆ ಎಂಬುದನ್ನು ಅದು ತಾನೇ ತೋರಿಸುತ್ತದೆ.

ನಾನು ಬಳಸುವುದು ಮೇಲೆ ಬಣ್ಣದ ಬಟ್ಟಲಿರುವ, ಬಣ್ಣ ಹೊರಬರುವ ಮೂತಿ, ಅಂದರೆ ನಾಜಲ್, 0.3 ಮಿ.ಮೀ. ಇರುವ ಡಬಲ್ ಆ್ಯಕ್ಷನ್ ಏರ್‌ಬ್ರಷ್. ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಳೆದಾಗ ಒಳಗಿನ ಸೂಜಿ ಹಿಂದೆ ಸರಿಯುತ್ತದೆ, ಸೂಜಿಗೂ ನಾಜಲ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಬಣ್ಣ ಅಲ್ಲಿಂದಲೇ ಬರಬೇಕು. ಇಷ್ಟು ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ.

ಬಣ್ಣ ಚೆನ್ನಾಗಿ ಬರುತ್ತಿದ್ದು, ಬರಬರುತ್ತಾ ಸಣ್ಣಗಾಗಿ, ಆಮೇಲೆ ಒಮ್ಮೆಲೇ ಚುಕ್ಕೆಗಳಾಗಿ ಸಿಡಿದರೆ ಅದು ಒಳಗಿನ ಕಟ್ಟು ಅಲ್ಲ. ಸೂಜಿಯ ತುದಿಯಲ್ಲಿ ಅಕ್ರಿಲಿಕ್ ಒಣಗಿ ಗಂಟಾಗಿದೆ, ಅಷ್ಟೇ. ಗಾಳಿ ಸದಾ ಆ ತುದಿಗೇ ಬಡಿಯುವುದರಿಂದ ಅದು ಒಣಗಲೇಬೇಕು. ಒದ್ದೆ ಬಟ್ಟೆಯ ಅಂಚಿನಿಂದ ತುದಿಯನ್ನು ಹಗುರವಾಗಿ ಚಿವುಟಿ ತೆಗೆಯಿರಿ, ಕೆಲಸ ಮುಂದುವರಿಸಿ. ನಾನು ಒಂದು ಮೂರ್ತಿಯ ಮುಖಕ್ಕೆ ಮೂರು ನಾಲ್ಕು ಸಲ ಒರೆಸುತ್ತೇನೆ. ಬಿಳಿ ಬಣ್ಣವಾದರೆ ಇನ್ನೂ ಹೆಚ್ಚು. ಬಣ್ಣಕ್ಕೆ ಕೆಲವು ಹನಿ ರಿಟಾರ್ಡರ್ ಬೆರೆಸಿದರೆ ಒಣಗುವುದು ನಿಧಾನವಾಗುತ್ತದೆ.

ಬಟ್ಟಲಿನಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಗಾಳಿ ಮುಂದೆ ಹೋಗುವ ಬದಲು ಹಿಂದಕ್ಕೆ ನುಗ್ಗುತ್ತಿದೆ. ಮುಂದಿನ ಕ್ಯಾಪ್ ಸಡಿಲವಾಗಿರಬಹುದು, ನಾಜಲ್ ಸರಿಯಾಗಿ ಕೂತಿಲ್ಲದಿರಬಹುದು, ಇಲ್ಲವೇ ಅದರ ತುದಿ ಸೀಳಿರಬಹುದು. ಮೊದಲು ಕ್ಯಾಪನ್ನು ಬೆರಳಿನಿಂದ ಬಿಗಿ ಮಾಡಿ. ಗುಳ್ಳೆ ನಿಲ್ಲದಿದ್ದರೆ ಜೋಡಣೆಯ ಜಾಗಕ್ಕೆ ಸಾಬೂನು ನೀರು ಸವರಿ ಗಾಳಿ ಬಿಡಿ, ಸೋರುವ ಜಾಗದಲ್ಲಿ ನೊರೆ ಏಳುತ್ತದೆ. ಮುಂಭಾಗದ ತಿರುಪಿನ ಮರೆಗೆ ಚೂರು ಜೇನುಮೇಣ ಸವರಿದರೆ ಸಣ್ಣ ಸೋರಿಕೆ ನಿಲ್ಲುತ್ತದೆ. ಬಣ್ಣ ಹರಿಯುವ ದಾರಿಗೆ ಮಾತ್ರ ಮೇಣ ತಾಗಬಾರದು.

ಗಾಳಿ ಬರುತ್ತಿದೆ, ಬಣ್ಣ ಒಂದು ಹನಿಯೂ ಇಲ್ಲ. ಆಗ ಹಿಂಬದಿಯ ಹಿಡಿಕೆಯನ್ನು ಬಿಚ್ಚಿ ಸೂಜಿ ಹಿಡಿಯುವ ನಟ್ ನೋಡಿ. ಅದು ಸಡಿಲವಾಗಿದ್ದರೆ ಟ್ರಿಗರ್ ಎಳೆದರೂ ಸೂಜಿ ಕದಲುವುದಿಲ್ಲ. ಒಂದು ವರ್ಷ ಗೌರಿ ಹಬ್ಬದ ಹಿಂದಿನ ಸಂಜೆ ಇದನ್ನು ನೋಡದೆ ಎರಡು ಗಂಟೆ ನಾಜಲ್ ತೊಳೆದಿದ್ದೇನೆ. ನಟ್ ಬಿಗಿಯಾಗಿದ್ದು, ಬಣ್ಣವೂ ಹಾಲಿನಷ್ಟು ತೆಳುವಾಗಿದ್ದರೆ ಮಾತ್ರ ನಾಜಲ್ ಕಟ್ಟಿದೆ ಎನ್ನಬಹುದು.

ಇನ್ನು ಬಣ್ಣ ಒಂದೇ ಪಕ್ಕಕ್ಕೆ ಹೋದರೆ ಸೂಜಿಯ ತುದಿ ಬಾಗಿರುತ್ತದೆ. ಟ್ರಿಗರ್ ಎಳೆಯದೆಯೂ ಬಣ್ಣ ಬಂದರೆ ಸೂಜಿ ಪೂರ್ತಿ ಮುಂದೆ ಕೂತಿಲ್ಲ, ಇಲ್ಲವೇ ನಾಜಲ್ ಅಗಲವಾಗಿದೆ. ಟ್ರಿಗರ್ ಎಳೆದಲ್ಲೇ ಅಂಟಿ ನಿಂತರೆ ಸೂಜಿ ಹಾದುಹೋಗುವ ಪ್ಯಾಕಿಂಗ್ ವಾಷರ್ ಬಳಿ ಬಣ್ಣ ಸೇರಿದೆ. ಶ್ರಾವಣದ ಮಳೆಯಲ್ಲಿ ಇನ್ನೊಂದು ಮೋಸವಿದೆ. ಗಾಳಿಯ ತೇವ ಕಂಪ್ರೆಸರ್ ಪೈಪಿನಲ್ಲಿ ನೀರಾಗಿ ಬಣ್ಣದ ಜೊತೆ ಸಿಡಿಯುತ್ತದೆ. ಏರ್‌ಬ್ರಷ್ ತೊಳೆದರೆ ಅದು ನಿಲ್ಲದು. ನೀರು ಹಿಡಿಯುವ ಫಿಲ್ಟರ್ ಬಟ್ಟಲನ್ನೂ ಕಂಪ್ರೆಸರ್ ಟ್ಯಾಂಕನ್ನೂ ಖಾಲಿ ಮಾಡಿ.

ಈಗ ನಿಜವಾದ ಕಟ್ಟು. ಬಣ್ಣ ಚೆಲ್ಲಿ, ಬಟ್ಟಲನ್ನು ಒರೆಸಿ, ಅರ್ಧದಷ್ಟು ಉಗುರುಬೆಚ್ಚಗಿನ ನೀರು ಹಾಕಿ. ಒತ್ತಡವನ್ನು 10 ಪಿಎಸ್‌ಐ ಸುತ್ತಮುತ್ತ ಇಳಿಸಿ. ಮಡಿಸಿದ ಬಟ್ಟೆಯಿಂದ ಮುಂದಿನ ಬಾಯಿಯನ್ನು ಮುಚ್ಚಿ, ಟ್ರಿಗರನ್ನು ಒತ್ತಿ ಮೆಲ್ಲನೆ ಎಳೆಯಿರಿ. ಗಾಳಿ ಬಟ್ಟಲಿಗೆ ಹಿಮ್ಮುಖವಾಗಿ ಬಂದು ನೀರು ಕುದಿಯುವಂತೆ ಕಾಣುತ್ತದೆ, ಒಣ ಚೂರುಗಳು ಮೇಲೆ ಬರುತ್ತವೆ. ಚೆಲ್ಲಿ, ಮತ್ತೆ ಮಾಡಿ. ಬಹುತೇಕ ಕಟ್ಟುಗಳು ಇಲ್ಲೇ ಬಿಡುತ್ತವೆ. ಬಿಡದಿದ್ದರೆ ನೀರನ್ನು ಪೂರ್ತಿ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹತ್ತು ನಿಮಿಷ ಬಿಡಿ. ಬಟ್ಟಲಿನಲ್ಲಿ ಬಣ್ಣ ಇರುವಾಗಲೇ ಅದನ್ನು ಸುರಿಯಬೇಡಿ. ಕೆಲವು ಅಕ್ರಿಲಿಕ್‌ಗಳು ಅದರಲ್ಲಿ ಮೊಸರಿನಂತೆ ಒಡೆದು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತವೆ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ, ಹತ್ತಿರದಲ್ಲಿ ದೀಪ ಉರಿಯುತ್ತಿರಬಾರದು.

ಅದಕ್ಕೂ ಬಗ್ಗದಿದ್ದರೆ ಬಿಚ್ಚಿ. ಗಾಳಿಯ ಪೈಪನ್ನು ಕಳಚಿ, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ನಾಜಲ್ ಅಕ್ಕಿ ಕಾಳಿಗಿಂತ ದೊಡ್ಡದಲ್ಲ, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ನಟ್ ಸಡಿಲಿಸಿ ಸೂಜಿಯನ್ನು ತಿರುಗಿಸುತ್ತಾ ನಿಧಾನವಾಗಿ ಹೊರತೆಗೆಯಿರಿ. ಬಣ್ಣ ಮೆತ್ತಿದ ಸೂಜಿಯನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ ಆ ಬಣ್ಣವೆಲ್ಲ ಪ್ಯಾಕಿಂಗ್ ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಮುಂದಿನ ಕ್ಯಾಪ್, ಕೊನೆಗೆ ನಾಜಲ್. ಅದನ್ನು ಬಾಟಲಿಯ ಲೋಹದ ಮುಚ್ಚಳದಲ್ಲಿ ಲ್ಯಾಕರ್ ಥಿನ್ನರ್ ಹಾಕಿ ಕಾಲು ಗಂಟೆ ನೆನೆಸಿ. ರಬ್ಬರ್ ಓ-ರಿಂಗ್‌ಗಳಿಗೆ ಥಿನ್ನರ್ ತೋರಿಸಬೇಡಿ, ಉಬ್ಬಿಹೋಗುತ್ತವೆ. ಇಡೀ ಏರ್‌ಬ್ರಷ್ ಅನ್ನು ಅದರಲ್ಲಿ ಮುಳುಗಿಸಬೇಡಿ.

ನಾಜಲ್ ಒಳಗೆ ಹೊಲಿಗೆ ಸೂಜಿ, ಗುಂಡುಪಿನ್ನು, ತಂತಿ ಯಾವುದನ್ನೂ ಚುಚ್ಚಬೇಡಿ. ಹಲ್ಲುಕಡ್ಡಿಯೂ ಬೇಡ, ಅದರ ಮೊನೆ ಒಳಗೇ ಮುರಿಯುತ್ತದೆ. ಹಲ್ಲಿನ ಸಂದು ಉಜ್ಜುವ ಪುಟ್ಟ ಬ್ರಷ್ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಬಟ್ಟಲಿನಿಂದ ನಾಜಲ್‌ವರೆಗಿನ ದಾರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೆನೆದ ನಾಜಲ್ ಅನ್ನು ಹಿಂದಿನ ಅಗಲ ಬಾಯಿಯಿಂದ ಬೆಳಕಿಗೆ ಹಿಡಿದು ನೋಡಿ, ತುದಿಯಲ್ಲಿ ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಅದರ ಅಂಚು ಹರಿದಂತೆ ಕಂಡರೆ ಇನ್ನೂ ಬಣ್ಣವಿದೆ, ಮತ್ತೆ ನೆನೆಸಿ.

ಜೋಡಿಸುವಾಗ ನಾಜಲ್ ಅನ್ನು ಬೆರಳಿನಿಂದ ಕೂರಿಸಿ, ಪಾನೆಯಿಂದ ಕೂದಲೆಳೆಯಷ್ಟೇ ತಿರುಗಿಸಿ ನಿಲ್ಲಿಸಿ. ನಾನು ಒಮ್ಮೆ ಇನ್ನೊಂಚೂರು ಬಿಗಿ ಇರಲಿ ಎಂದು ತಿರುಗಿಸಿದೆ, ಮರೆ ತುಂಡಾಗಿ ಒಳಗೇ ಉಳಿಯಿತು. ಚೌತಿಗೆ ಒಂಬತ್ತು ದಿನ ಇತ್ತು. ಊರಿನ ಯಾವ ಅಂಗಡಿಯಲ್ಲೂ ಆ ಭಾಗವಿಲ್ಲ, ಬೆಂಗಳೂರಿನಿಂದ ಕೊರಿಯರ್ ಬರಲು ನಾಲ್ಕು ದಿನ. ಅಲ್ಲಿಯವರೆಗೆ ಮೂವತ್ತೆರಡು ಮೂರ್ತಿಗಳು ಕೆನ್ನೆಗೆ ಬಣ್ಣವಿಲ್ಲದೆ ಸಾಲಾಗಿ ಕೂತಿದ್ದವು. ಅಂದಿನಿಂದ ಒಂದು ನಾಜಲ್, ಒಂದು ಸೂಜಿ ಹೆಚ್ಚುವರಿಯಾಗಿ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಸೂಜಿಯನ್ನೂ ಹಾಗೆಯೇ, ಮುಂದೆ ತಾಗಿತು ಎಂದ ಕೂಡಲೇ ನಿಲ್ಲಿಸಿ. ಒತ್ತಿದರೆ ನಾಜಲ್ ಸೀಳುತ್ತದೆ.

ಕಟ್ಟಿಕೊಳ್ಳುವುದನ್ನು ಅರ್ಧದಷ್ಟು ಕಡಿಮೆ ಮಾಡುವುದು ಸೋಸುವಿಕೆ. ಬಣ್ಣವನ್ನು ಹಳೆಯ ನೈಲಾನ್ ಸೀರೆಯ ತುಂಡಿನಲ್ಲಿ ಸೋಸಿಯೇ ಬಟ್ಟಲಿಗೆ ಹಾಕುತ್ತೇನೆ. ಕಿರೀಟದ ಚಿನ್ನದ ಬಣ್ಣವನ್ನಂತೂ 0.3ರಲ್ಲಿ ಹಾಕುವುದನ್ನೇ ಬಿಟ್ಟಿದ್ದೇನೆ. ಅದರ ಮಿನುಗುಪುಡಿಗೆ 0.5 ಬೇಕು. ಬಣ್ಣ ಬದಲಿಸುವಾಗಲೆಲ್ಲ ಒಂದು ಬಟ್ಟಲು ನೀರು ಹಾಯಿಸಿ, ಊಟಕ್ಕೆ ಏಳುವಾಗ ನೀರು ತುಂಬಿಟ್ಟು ಏಳಿ.

ಎಲ್ಲ ಜೋಡಿಸಿದ ಮೇಲೆ 15–20 ಪಿಎಸ್‌ಐಗೆ ಏರಿಸಿ, ನೀರಿಗೆ ಎರಡು ಹನಿ ಕಪ್ಪು ಬೆರೆಸಿ, ಹಳೆಯ ದಿನಪತ್ರಿಕೆಯ ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆಯುತ್ತೇನೆ. ಅಕ್ಷರಕ್ಕೆ ತಾಗದೆ ಗೆರೆ ಅಂಚಿನವರೆಗೆ ಹೋದರೆ ಕೆಂಪು ತುಂಬಿಸಿ ಕೆನ್ನೆಗೆ ಹೋಗುತ್ತೇನೆ. ಅದು ಒಣಗಿದ ಮೇಲೆ ಮೂರ್ತಿಯನ್ನು ಅಪ್ಪನ ಮುಂದೆ ಇಡುತ್ತೇನೆ. ಕಣ್ಣು ಬರೆಯುವುದು ಇಂದಿಗೂ ಅವರ ಕುಂಚವೇ.